ವಿನೈಲ್ ಹೊದಿಕೆಯ ಕೆಳಗಿನ ತುಕ್ಕು

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮಾರಾಟಕ್ಕಿರುವ ಹಳೆಯ ಕಾಂಟೆಸ್ಸಾ ಕಾರೊಂದನ್ನು ಇಂದು ನೋಡಿ ಬಂದೆ. ಎಂಜಿನ್ನಿನ ಬಗ್ಗೆ ನನಗೆ ಚಿಂತೆಯಿಲ್ಲ. 2002ರಲ್ಲೇ ತಯಾರಿಕೆ ನಿಂತ ಈ ಗಾಡಿಯ ಟಾಪಿಗೆ ಯಾರೋ ಅಂಟಿಸಿರುವ ಕಪ್ಪು ವಿನೈಲ್ (ಪ್ಲಾಸ್ಟಿಕ್ ಹಾಳೆಯ) ಹೊದಿಕೆಯೇ ಅನುಮಾನಕ್ಕೆ ಕಾರಣ. ನಮ್ಮ ಬಿಸಿಲಿಗೆ ವಿನೈಲ್ ಸೀಳಿದ ಮೇಲೆ ಒಳಗಿಳಿದ ಮಳೆನೀರು ಬೇಗ ಆರಲು ದಾರಿಯಿಲ್ಲದೆ ತಗಡಿಗೇ ಅಂಟಿ ನಿಲ್ಲುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಹೊದಿಕೆ ಅಲ್ಲಲ್ಲಿ ಉಬ್ಬುತ್ತದೆ. ಆದರೆ ಪ್ರತಿ ಉಬ್ಬೂ ತುಕ್ಕಲ್ಲ: ಹೆಬ್ಬೆರಳಿನಿಂದ ಒತ್ತಿದಾಗ ಮೆತ್ತಗೆ ತಗ್ಗಿದರೆ ಬಹುಶಃ ಅಂಟು ಬಿಟ್ಟಿರುತ್ತದೆ, ಹಪ್ಪಳದಂತೆ ಕರಕರ ಎಂದರೆ ತಗಡೇ ಪದರು ಬಿಟ್ಟಿರುತ್ತದೆ. ಹಿಂದಿನ ಗಾಜಿನ ಕೆಳ ಅಂಚು ಮತ್ತು ಬೀಡಿಂಗ್ (ಅಂಚುಪಟ್ಟಿ) ಹಿಡಿದಿಡುವ ಕ್ಲಿಪ್ಪುಗಳ ತೂತುಗಳನ್ನು ಮೊದಲು ಪರೀಕ್ಷಿಸಬೇಕು. ಅಂಚಿನ ಕೆಂಪು ಬಣ್ಣವೊಂದೇ ನಮ್ಮ ಜಿಲ್ಲೆಯಲ್ಲಿ ಸಾಕ್ಷಿಯಾಗದು. ಒದ್ದೆ ಬಟ್ಟೆಗೆ ಬಿಟ್ಟುಬಂದರೆ ಅದು ಸಂಡೂರಿನ ಕಬ್ಬಿಣದ ಅದಿರಿನ ಧೂಳೂ ಆಗಿರಬಹುದು! ಬಟ್ಟೆ ಸುತ್ತಿದ ಅಯಸ್ಕಾಂತ ಒಂದೆಡೆ ಸಡಿಲವಾಗಿ ಹಿಡಿದುದನ್ನು ನೋಡಿದರೆ ಅಲ್ಲಿ ದಪ್ಪಗೆ ಪುಟ್ಟಿ (ತಗ್ಗು ತುಂಬುವ ಲೇಪ) ಮೆತ್ತಿರುವ ಸಂಭವವಿದೆ. ಒಳಗಿನ ಟಾಪ್ ಬಟ್ಟೆಯ ಮೂಲೆಯನ್ನು ಬಿಚ್ಚಿ ಟಾರ್ಚ್ ಹಿಡಿದು ನೋಡಲು ಮಾಲೀಕರು ಒಪ್ಪಲಿಲ್ಲ; ಆದ್ದರಿಂದ ಇಡೀ ಟಾಪಿನ ಟಿಂಕರಿಂಗ್ ಖರ್ಚನ್ನು ಕಳೆದೇ ಬೆಲೆ ಮಾತನಾಡುವೆನೆಂದು ಅವರಿಗೆ ತಿಳಿಸಿದ್ದೇನೆ.