ಶೀಟ್ ಕಳಿಸುವುದಿಲ್ಲ, ಉತ್ತರ ಇಲ್ಲಿದೆ

ಕಳೆದ ವಾರವೂ ಒಬ್ಬರು ಕೇಳಿದರು, ಅದೂ ಲಿಫ್ಟ್‌ನಲ್ಲಿ. ನಾಲ್ಕನೇ ಮಹಡಿಯಿಂದ ಕೆಳಗಿಳಿಯುವಷ್ಟರಲ್ಲಿ ಅವರಿಗೆ ಉತ್ತರ ಬೇಕಿತ್ತು. "ನಿಶ್ಚಿತಾರ್ಥ ಆಯ್ತು ಕಣ್ರೀ. ಮದುವೆ ಸಿಂಪಲ್ಲಾಗಿ ಮಾಡ್ಕೊಳ್ತಿದೀವಿ, ಜಾಸ್ತಿ ಏನಿಲ್ಲ. ಮೊದ್ಲು ಏನು ಮಾಡ್ಬೇಕು ಅಂತ ಹೇಳ್ಬಿಡಿ ಸಾಕು. ನಿಮ್ಮ ಹತ್ರ ಒಂದು ಎಕ್ಸೆಲ್ ಶೀಟ್ ಇದೆಯಂತಲ್ಲ, ಅದನ್ನೇ ಕಳ್ಸಿಬಿಡಿ."

ನನ್ನ ಮದುವೆಯಾಗಿ ಆರು ವರ್ಷವಾಯಿತು. ಆಮೇಲೆ ತಂಗಿಯದು, ಅದರ ಹಿಂದೆಯೇ ಮೈದುನನದು. ಮೂರು ಮದುವೆಯ ಲೆಕ್ಕ ಬರೆದೆ ಅನ್ನುವುದು ಬಿಟ್ಟರೆ ನನಗೆ ಬೇರೆ ಅರ್ಹತೆ ಇಲ್ಲ. ಆದರೂ ಯಾರ ಮದುವೆ ಗೊತ್ತಾದರೂ ಫೋನ್ ನನಗೆ ಬರುತ್ತದೆ. ಮೊದಮೊದಲು ಒಂದು ಗಂಟೆ ಕೂತು ಹೇಳುತ್ತಿದ್ದೆ. ಈಗ ಆಗಲ್ಲ. ಇಲ್ಲಿ ಒಂದೇ ಸಲ ಬರೆದಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದೇ.

ಉತ್ತರ ಚಿಕ್ಕದು. ಮೊದಲು ಎಷ್ಟು ಜನ ಅಂತ ಎಣಿಸಿ.

ಹಾಲ್ ನೋಡಲು ಹೋಗಬೇಡಿ. ಬಟ್ಟೆ ನೋಡಬೇಡಿ. ರಾತ್ರಿ ಹನ್ನೆರಡಕ್ಕೆ ಹಾಸಿಗೆಯಲ್ಲಿ ಮಲಗಿ ಬೇರೆಯವರ ಮದುವೆಯ ಹೂವಿನ ಅಲಂಕಾರದ ಫೋಟೋ ಸೇವ್ ಮಾಡಬೇಡಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತಾರಲ್ಲ, ಅದು ಈ ಫೋಟೋ ಸೇವ್ ಮಾಡುವವರನ್ನು ನೋಡಿಯೇ ಹುಟ್ಟಿದ ಮಾತು ಅನ್ನಿಸುತ್ತದೆ ನನಗೆ.

ಇಷ್ಟು ಹೇಳಿದ ಕೂಡಲೇ ಎದುರಿಗಿದ್ದವರ ಮುಖ ಬಾಡುತ್ತದೆ. ದೊಡ್ಡ ಗುಟ್ಟು ಹೇಳುತ್ತಾಳೆ ಅಂದುಕೊಂಡಿದ್ದರು ಪಾಪ. "ಅದು ಗೊತ್ತು ಬಿಡಿ, ಅದಾದ್ಮೇಲೆ?" ಅನ್ನುತ್ತಾರೆ. ಗೊತ್ತಿದ್ದರೆ ಹೇಳಿ ನೋಡೋಣ, ಎಷ್ಟು ಜನ? "ಒಂದು ಇನ್ನೂರು... ಮುನ್ನೂರು ಇಟ್ಕೊಳ್ಳಿ... ಅಮ್ಮನ್ನ ಕೇಳ್ಬೇಕು."

ಹೌದು. ಕೇಳಿ. ಅದೇ ಮೊದಲ ಹೆಜ್ಜೆ.

ಇನ್ನು ಈ "ಸಿಂಪಲ್" ಅನ್ನುವ ಪದ. ಇದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಹುಡುಗನ ಸಿಂಪಲ್ ಅಂದರೆ 40 ಜನ. ಹುಡುಗಿಯ ಸಿಂಪಲ್ ಅಂದರೆ 150. ಹುಡುಗನ ತಾಯಿಯ ಸಿಂಪಲ್ ಅಂದರೆ 600, ಅದೂ "ಯಾರನ್ನೂ ಕರೀತಿಲ್ಲಮ್ಮ, ತೀರಾ ಹತ್ತಿರದವರು ಮಾತ್ರ" ಅನ್ನುವ ಧಾಟಿಯಲ್ಲಿ. ಎಲ್ಲರೂ ಆ ಪದ ಹೇಳಿ ತಲೆಯಾಡಿಸಿ ಎದ್ದು ಹೋಗುತ್ತಾರೆ. ಮೂರು ತಿಂಗಳಾದ ಮೇಲೆ ಜಗಳ ಶುರು.

ಮೈದುನನ ಮದುವೆಯ ಹೊತ್ತಿಗೆ ನಾನು ಒಂದು ಬುದ್ಧಿವಂತಿಕೆ ಮಾಡಲು ಹೋದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು, ಆಂಡ್ರ್ಯೂ ಫ್ರಾನ್ಸಿಸ್-ಟ್ಯಾನ್ ಮತ್ತು ಹ್ಯೂಗೋ ಮಿಯಾಲನ್, ಅಲ್ಲಿನ 3,000ಕ್ಕೂ ಹೆಚ್ಚು ಜನರನ್ನು ಅವರವರ ಮದುವೆಯ ಬಗ್ಗೆ ಕೇಳಿ ಒಂದು ಅಧ್ಯಯನ ಮಾಡಿದ್ದರು. 2014ರಲ್ಲಿ ಅದು ಹೊರಬಂದಾಗ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಮದುವೆಗೆ ತುಂಬಾ ಖರ್ಚು ಮಾಡಿದವರಲ್ಲಿ ಸಂಸಾರ ಮುರಿಯುವುದು ಜಾಸ್ತಿ ಕಂಡಿತ್ತು. ತುಂಬಾ ಜನ ಬಂದಿದ್ದ ಮದುವೆಗಳಲ್ಲಿ ಕಡಿಮೆ ಕಂಡಿತ್ತು. ಇದರಿಂದಲೇ ಅದಾಯಿತು ಅಂತಲ್ಲ, ಎರಡೂ ಜೊತೆಜೊತೆಗೆ ಕಂಡವು ಅಷ್ಟೇ. ಖರ್ಚು ಕಡಿಮೆ ಮಾಡಿಸೋಣ ಅಂತ ಇದನ್ನು ಅತ್ತೆಯವರಿಗೆ ಹೇಳಿದೆ. ಅವರ ಕಿವಿಗೆ ಎರಡನೇ ಅರ್ಧ ಮಾತ್ರ ಬಿತ್ತು. ಮಾರನೇ ದಿನ ಪಟ್ಟಿಗೆ ಇನ್ನೂ 60 ಹೆಸರು ಸೇರಿದವು, ವಿಜ್ಞಾನದ ಬೆಂಬಲದೊಂದಿಗೆ.

ಎಣಿಸುವುದು ಅಂದರೆ ಹೇಗೆ ಅಂತಲೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದಕ್ಕೊಂದು ಫೋನ್ ಬರುತ್ತದೆ. ಯಾರನ್ನೂ ಸಂಖ್ಯೆ ಕೇಳಬೇಡಿ. ಹೆಸರು ಬರೆಸಿ. ನಮ್ಮಪ್ಪನನ್ನು ಎಷ್ಟು ಜನ ಅಂದಾಗ "ಒಂದು 80 ಆಗಬಹುದು" ಅಂದರು. ಪೆನ್ನು ಕೊಟ್ಟು ಕೂರಿಸಿದೆವು. ಸರಿಯಾಗಿ 80 ಸಾಲು ಬರೆದರು, ಲೆಕ್ಕದಲ್ಲಿ ಪಕ್ಕಾ ಮನುಷ್ಯ. ಆದರೆ ಅದು 80 ಮನೆ. ತಲೆ ಎಣಿಸಿದರೆ 213. ಅವರು ಸುಳ್ಳು ಹೇಳಿರಲಿಲ್ಲ. ಕಾರ್ಡು ಎಣಿಸಿದ್ದರು. ನಾವು ಕುರ್ಚಿ ಎಣಿಸುತ್ತಿದ್ದೆವು.

ಹೆಸರು ಬರೆಸುವ ದಿನವೇ ದುಡ್ಡಿನ ಮಾತೂ ಆಗಲಿ. ಬೇರೆ ದಿನಕ್ಕೆ ಇಟ್ಟುಕೊಳ್ಳಬೇಡಿ. ಯಾರು ದುಡ್ಡು ಹಾಕುತ್ತಾರೋ ಅವರಿಗೆ ಹೆಸರು ಸೇರಿಸುವ ಹಕ್ಕೂ ಬರುತ್ತದೆ. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಬರುತ್ತದೆ. "ಅಪ್ಪ, ನೀವು ಎಷ್ಟು ಕೊಡ್ತೀರಾ, ಅದರ ಜೊತೆ ಎಷ್ಟು ಹೆಸರು ಬರುತ್ತೆ" ಅಂತ ಒಂದೇ ಉಸಿರಿನಲ್ಲಿ ಕೇಳಲು ಮುಜುಗರವಾಗುತ್ತದೆ. ಆಗಲಿ. ಈಗಿನ ಹತ್ತು ನಿಮಿಷದ ಮುಜುಗರ ಆಮೇಲಿನ ಆರು ತಿಂಗಳ ಮುನಿಸಿಗಿಂತ ಅಗ್ಗ. ಬಂದ ಮೊತ್ತದಲ್ಲಿ ಹತ್ತನೇ ಒಂದು ಭಾಗ ಮೊದಲೇ ತೆಗೆದು ಪಕ್ಕಕ್ಕಿಡಿ. ಅದು ಖರ್ಚಾಗುತ್ತದೆ, ಯಾವುದಕ್ಕೆ ಅಂತ ಮಾತ್ರ ಈಗ ಗೊತ್ತಾಗುವುದಿಲ್ಲ.

ನಾನು ಇಷ್ಟು ಜೋರಾಗಿ ಹೇಳುವುದಕ್ಕೆ ಕಾರಣ, ನನ್ನ ಮದುವೆಯಲ್ಲಿ ಇದನ್ನು ಉಲ್ಟಾ ಮಾಡಿದ್ದೆವು. ಮೊದಲು ಹಾಲ್ ಹಿಡಿದೆವು. ನೋಡಿದ ಕೂಡಲೇ ಇಷ್ಟವಾಗಿತ್ತು, ಎತ್ತರದ ಕಿಟಕಿಗಳು, ಸಂಜೆ ಬಿಸಿಲು ನೆಲದ ಮೇಲೆ ಉದ್ದಕ್ಕೆ ಬೀಳುತ್ತಿತ್ತು. ಮ್ಯಾನೇಜರ್ "ಐನೂರು ಜನಕ್ಕೆ ಆರಾಮ" ಅಂದರು. ಅಡ್ವಾನ್ಸ್ ಕೊಟ್ಟು ಬಂದೆವು. ಹಾಲ್ 3,600 ಚದರ ಅಡಿ. ಕುರ್ಚಿಗಳನ್ನು ಸಾಲಾಗಿ ಜೋಡಿಸಿದರೆ ಒಬ್ಬರಿಗೆ ಏಳು ಚದರ ಅಡಿ ಸಾಕು, ಆಗ 500 ನಿಜ. ಆದರೆ ದುಂಡು ಮೇಜು ಹಾಕಿ ಊಟಕ್ಕೆ ಕೂರಿಸಬೇಕಾದರೆ ಒಬ್ಬರಿಗೆ 10ರಿಂದ 12 ಚದರ ಅಡಿ ಬೇಕು. ವೇದಿಕೆಗೆ, ಓಡಾಡುವ ಜಾಗಕ್ಕೆ 600 ಅಡಿ ಹೋಯಿತು. ಉಳಿದದ್ದು ಎಷ್ಟು? ಒತ್ತಿ ಒತ್ತಿ ಕೂರಿಸಿದರೆ 300 ಜನ. ಮ್ಯಾನೇಜರ್ ಕೂಡ ಸುಳ್ಳು ಹೇಳಿರಲಿಲ್ಲ. ಮದುವೆಯ ವಿಷಯದಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ, ಬೇರೆ ಬೇರೆ ವಸ್ತು ಎಣಿಸುತ್ತಿರುತ್ತಾರೆ.

ಹಾಗಾಗಿ ಹಾಲ್ ನೋಡಲು ಹೋದಾಗ "ಎಷ್ಟು ಜನ ಹಿಡಿಯುತ್ತೆ" ಅನ್ನಬೇಡಿ. "ವೇದಿಕೆ ಹಾಕಿ, ಮೇಜು ಹಾಕಿ, ಎಷ್ಟು ಜನ ಕೂತು ಊಟ ಮಾಡಬಹುದು" ಅನ್ನಿ. ಕರೆಂಟು, ಜನರೇಟರ್, ಕ್ಲೀನಿಂಗ್, ಹೊತ್ತು ಮೀರಿದರೆ ಗಂಟೆಗೆ ಎಷ್ಟು, ದಿನ ಬದಲಾದರೆ ಅಡ್ವಾನ್ಸ್ ಏನಾಗುತ್ತೆ, ಇವೆಲ್ಲ ರಸೀದಿಯ ಮೇಲೆಯೇ ಬರೆಸಿಕೊಳ್ಳಿ. ಬಾಯಿಮಾತಿಗೆ ಹೂಂ ಅಂದವರು ಆ ದಿನ ರಜೆಯಲ್ಲಿರುತ್ತಾರೆ.

ಹಾಲ್ ಆದಮೇಲೆ ಯಾರು? ಆ ದಿನ ಒಂದೇ ಕಡೆ ಇರಲು ಸಾಧ್ಯವಾಗುವವರು. ನಿಮಗೆ ಇಂಥವರೇ ಬೇಕು ಅನ್ನಿಸಿದ ಫೋಟೋಗ್ರಾಫರ್ ಒಬ್ಬರೇ ಇರುತ್ತಾರೆ, ಅವರನ್ನು ಬೇಗ ಹಿಡಿಯಿರಿ. ಅಡುಗೆಯವರೂ ಹಾಗೇ. ಅಲಂಕಾರದವರು ಒಂದೇ ದಿನ ನಾಲ್ಕು ಕಡೆ ಆಳು ಕಳಿಸುತ್ತಾರೆ, ಅವರು ಕಾಯಲಿ. ಅಡುಗೆಯವರ ಹತ್ತಿರ ಎರಡು ಪ್ರಶ್ನೆ: ಕೊನೆಯ ಸಂಖ್ಯೆ ಯಾವತ್ತು ಹೇಳಬೇಕು, ಕಡಿಮೆ ಜನ ಬಂದರೂ ಎಷ್ಟು ಊಟಕ್ಕೆ ದುಡ್ಡು ಕೊಡಲೇಬೇಕು. ಕಾರ್ಡು, ಬಟ್ಟೆ, ಹಾಡು ಎಲ್ಲ ಆಮೇಲೆ. ಅವುಗಳ ಬಗ್ಗೆ ನನಗೆ ಅಭಿಪ್ರಾಯ ಇಲ್ಲ, ಕೇಳಲೂ ಬೇಡಿ.

ಒಂದು ಮಾತ್ರ ಎಲ್ಲರೂ ಮರೆಯುತ್ತಾರೆ, ಕಾನೂನಿನ ಕಾಗದ. ತಂಗಿಯ ಮದುವೆಯಲ್ಲಿ ನಾವೂ ಮರೆತೆವು. ಭಾರತದ ವಿಶೇಷ ವಿವಾಹ ಕಾಯ್ದೆ, 1954ರ ಪ್ರಕಾರ ಮದುವೆಯಾಗುವವರು ನೋಟಿಸ್ ಕೊಟ್ಟು 30 ದಿನ ಕಾಯಬೇಕು. ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಜಿಲ್ಲೆಯಲ್ಲಿ ಅದಕ್ಕೂ ಮುಂಚೆ 30 ದಿನ ವಾಸ ಇದ್ದಿರಬೇಕು. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಹೊಸ ನೋಟಿಸ್. ನಮಗೆ ನೆನಪಾದಾಗ ಸಮಾರಂಭಕ್ಕೆ 24 ದಿನ ಇತ್ತು. ಹಾಗಾಗಿ ಅವಳು ಎಲ್ಲರೆದುರು ಒಂದು ದಿನ, ಕಾಗದದ ಮೇಲೆ ಒಂಬತ್ತು ದಿನ ಬಿಟ್ಟು ಇನ್ನೊಂದು ದಿನ ಮದುವೆಯಾದಳು. ಈಗ ವರ್ಷಕ್ಕೆ ಎರಡು ಉಡುಗೊರೆ ಕೇಳುತ್ತಾಳೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಮಾನ್ಯವಾಗಿ ನೋಟಿಸ್ ಕೊಟ್ಟು ಪೂರ್ತಿ 28 ದಿನ ಕಾಯಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ ಲೈಸೆನ್ಸ್ ಸಿಕ್ಕಮೇಲೆ 24 ಗಂಟೆ ಕಾದರೆ ಸಾಕು. ನೀವು ಎಲ್ಲಿ ಮದುವೆಯಾಗುತ್ತೀರೋ ಅಲ್ಲಿನ ನಿಯಮ ನೋಡಿಕೊಂಡು, ಆಮೇಲೆ ದಿನ ಗೊತ್ತು ಮಾಡಿ.

ಇಷ್ಟೇ. ಪ್ರಶ್ನೆಗೆ ಉತ್ತರ ಮುಗಿಯಿತು.

ಆದರೆ ಇಷ್ಟು ವರ್ಷದಲ್ಲಿ ಒಬ್ಬರೂ "ಯಾರನ್ನು ಬಿಟ್ಟಿರಿ?" ಅಂತ ನನ್ನನ್ನು ಕೇಳಿಲ್ಲ. ಮೊದಲು ಏನು, ಆಮೇಲೆ ಏನು, ಇದೇ. ನಮ್ಮ ಪಟ್ಟಿ 520ಕ್ಕೆ ನಿಂತಿತ್ತು. ಜಾಗ 300. ನಡುವಿನ 220 ಜನ ಎಲ್ಲಿಗೆ ಹೋದರು ಅಂತ ಯಾರಾದರೂ ಕೇಳಬೇಕಲ್ವಾ?

ನಾವಿಬ್ಬರೂ ಎರಡು ರಾತ್ರಿ ಕೂತು ಹೆಸರು ಹೊಡೆದು ಹಾಕಿದೆವು. ಶೀಟಿನಲ್ಲಿ ಒಂದು ಕಾಲಂ ಮಾಡಿದೆ. ಅದರಲ್ಲಿ ಮೂರೇ ಮಾತು: "ಬೇಕೇ ಬೇಕು", "ನೋಡೋಣ", "ಬಿಟ್ಟರೂ ನಡೆಯುತ್ತೆ". ಮೊದಲ ರಾತ್ರಿ ಒಂದೊಂದು ಹೆಸರಿಗೂ ಹತ್ತು ನಿಮಿಷ ಚರ್ಚೆ. ಎರಡನೇ ರಾತ್ರಿ ಹೊತ್ತಿಗೆ ಕೈ ಪಳಗಿತ್ತು. ಮೇಲಿನ ಸೆಲ್ಲಿನಲ್ಲಿ ಒಂದು ಸಲ ಬರೆದು, ಮೂಲೆ ಹಿಡಿದು ಕೆಳಗೆ ಎಳೆದುಬಿಡುತ್ತಿದ್ದೆ. ಎಂಟು ಮನೆ ಒಂದೇ ಎಳೆತಕ್ಕೆ "ಬಿಟ್ಟರೂ ನಡೆಯುತ್ತೆ".

187ನೇ ಸಾಲು ನಮ್ಮ ಪಕ್ಕದ ಮನೆಯ ಆಂಟಿಯದು. ನಾವು ಆ ಮನೆಯಲ್ಲಿದ್ದ ಒಂಬತ್ತು ವರ್ಷವೂ ನಮ್ಮ ಇನ್ನೊಂದು ಬೀಗದ ಕೈ ಅವರ ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ನಾನು ಸ್ಕೂಲಿಂದ ಬಂದು ಊಟ ಮಾಡುತ್ತಿದ್ದದ್ದು ಅವರ ಮನೆಯಲ್ಲಿ. ಆಮೇಲೆ ನಾವು ಮನೆ ಬದಲಾಯಿಸಿದೆವು, ಮಾತು ಹಬ್ಬಕ್ಕೊಂದು ಮೆಸೇಜಿಗೆ ಇಳಿದಿತ್ತು. ಎಳೆದಾಗ ಆ ಸಾಲೂ ಸೇರಿಹೋಯಿತು. ನೋಡದೇ ಎಳೆದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ನೋಡಿದ್ದೆ. ಮದುವೆ ಆದಮೇಲೆ ಮನೆಗೆ ಊಟಕ್ಕೆ ಕರೆದರಾಯಿತು ಅಂದುಕೊಂಡೆ. ಕರೆಯಲಿಲ್ಲ.

ಮೂರು ವರ್ಷದ ಮೇಲೆ ಅವರ ಮಗಳ ನಿಶ್ಚಿತಾರ್ಥವಾಯಿತು. ಅವಳೂ ಎಲ್ಲರಂತೆ ಅದೇ ಕೇಳಿದಳು. "ಅಕ್ಕಾ, ಮೊದ್ಲು ಏನು ಮಾಡ್ಬೇಕು? ಆ ಶೀಟ್ ಕಳಿಸ್ತೀರಾ?" ಎಷ್ಟೋ ಜನಕ್ಕೆ ಕಳಿಸಿದ್ದೆ, ಅವಳಿಗೂ ಕಳಿಸಿದೆ. ನನ್ನ ಹೆಸರಿನ ಪಟ್ಟಿಯ ಹಾಳೆಯನ್ನು ಹೈಡ್ ಮಾಡಿದ್ದೆ, ಡಿಲೀಟ್ ಮಾಡಿರಲಿಲ್ಲ. ಹೈಡ್ ಮಾಡಿದ್ದನ್ನು ತೆರೆಯಲು ಎಷ್ಟು ಹೊತ್ತು ಬೇಕು?

ಎರಡು ದಿನ ಬಿಟ್ಟು ಅವಳ ಮೆಸೇಜು ಬಂತು. "ಶೀಟ್ ತುಂಬಾ ಉಪಯೋಗ ಆಯ್ತು ಅಕ್ಕಾ, ಥ್ಯಾಂಕ್ಸ್. 187ನೇ ಸಾಲು ಅಮ್ಮನಿಗೆ ತೋರಿಸಿಲ್ಲ."

ಬೈದಿದ್ದರೆ ಏನಾದರೂ ಹೇಳಬಹುದಿತ್ತು. ನಾನು ಅರ್ಧ ಗಂಟೆ ಏನೇನೋ ಟೈಪ್ ಮಾಡಿದೆ, ಹಾಲ್ ಚಿಕ್ಕದಿತ್ತು, 3,600 ಅಡಿ, ವೇದಿಕೆ, ದುಂಡು ಮೇಜು. ಎಲ್ಲ ಅಳಿಸಿ "ಸಾರಿ ಪುಟ್ಟಾ" ಅಂತ ಕಳಿಸಿದೆ.

ಅವಳ ಮದುವೆಗೆ ನಮ್ಮನ್ನು ಕರೆದರು. ಆಂಟಿಯೇ ಫೋನ್ ಮಾಡಿ ಕರೆದರು. ಹೋದರೆ, ಜನ ಕಡಿಮೆ, 90 ಇರಬಹುದು. ಆಂಟಿ ನನ್ನ ಕೈ ಹಿಡಿದು ಎರಡನೇ ಸಾಲಿನಲ್ಲಿ ಕೂರಿಸಿದರು. "ನಿನ್ ಮದುವೆ ಫೋಟೋ ಎಲ್ಲ ನೋಡ್ದೆ ಕಣೇ, ಎಷ್ಟು ಚೆನ್ನಾಗಿತ್ತು ಹಾಲ್, ಆ ಕಿಟಕಿ!" ಅಂದರು. ನಾನು ಹೂಂ ಅಂದೆ. ಮಗಳು ವೇದಿಕೆಯಿಂದ ನಮ್ಮನ್ನೇ ನೋಡುತ್ತಿದ್ದಳು.

ಅವತ್ತು ಮನೆಗೆ ಬಂದು ಆ ಫೈಲನ್ನೇ ತೆಗೆದು ಹಾಕಿದೆ. ಆದ್ದರಿಂದ ದಯವಿಟ್ಟು ಶೀಟ್ ಕೇಳಬೇಡಿ, ಇಲ್ಲ. ಖಾಲಿ ಹಾಳೆ ತೆಗೆದುಕೊಂಡು ಹೆಸರು ಬರೆಯಿರಿ. ಬಿಡುವವರ ಹೆಸರಿನ ಮುಂದೆ ಏನೂ ಬರೆಯಬೇಡಿ. ಮೂಲೆ ಹಿಡಿದು ಎಳೆಯಬೇಡಿ, ಒಂದೊಂದಾಗಿ ಹೊಡೆಯಿರಿ.

ಲಿಫ್ಟ್‌ನಲ್ಲಿ ಸಿಕ್ಕವರಿಗೆ ಇಷ್ಟೆಲ್ಲ ಹೇಳಲಿಲ್ಲ. ಬಾಗಿಲು ತೆರೆಯುವಷ್ಟರಲ್ಲಿ "ಮೊದಲು ಜನ ಎಣಿಸಿ, ಹೆಸರು ಬರೆದು" ಅಂದೆ ಅಷ್ಟೇ. ನಿನ್ನೆ ರಾತ್ರಿ ಅವರ ಮೆಸೇಜು: "ಎಣಿಸಿದ್ವಿ ಮೇಡಂ. 412. ಈಗ?"

"ಹಾಲ್ ಇನ್ನೂ ಬುಕ್ ಮಾಡಿಲ್ಲ ತಾನೇ?" ಅಂತ ಕೇಳಿದ್ದೇನೆ. ಎರಡು ನೀಲಿ ಗೆರೆ ಬಿದ್ದಿವೆ. ಉತ್ತರ ಬಂದಿಲ್ಲ.