ಸಿಡಿ ಹಾಕೋಕೆ ಜಾಗಾನೇ ಇಲ್ಲ, ಕವರ್ ಯಾಕೆ ಮೇಡಂ?

ಜನವರಿ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ನಮ್ಮ ಕಾಲೇಜಿನ ಕೊನೆಯ ವರ್ಷದ ಮಕ್ಕಳಿಗೆ ಮ್ಯೂಸಿಕ್ ವಿಡಿಯೊ ಪ್ರಾಜೆಕ್ಟ್ ಇರುತ್ತದೆ. ಒಂದು ಹಾಡು, ನಾಲ್ಕು ನಿಮಿಷದ ವಿಡಿಯೊ, ಜೊತೆಗೆ ಒಂದು ಡಿಜಿಪ್ಯಾಕ್. ಅಂದರೆ ರಟ್ಟಿನ ಸಿಡಿ ಕವರ್. ಒಳಗೆ ಪ್ಲಾಸ್ಟಿಕ್ ಟ್ರೇ ಅಂಟಿಸಿರುತ್ತಾರಲ್ಲ, ಅದು. ವಿಡಿಯೊ ಎಂದರೆ ಎಲ್ಲರಿಗೂ ಖುಷಿ. ಡಿಜಿಪ್ಯಾಕ್ ಎಂದ ಕೂಡಲೇ ಮುಖ ಸಪ್ಪಗಾಗುತ್ತದೆ.

"ಮೇಡಂ, ಲ್ಯಾಪ್‌ಟಾಪ್‌ನಲ್ಲಿ ಸಿಡಿ ಹಾಕೋಕೆ ಜಾಗಾನೇ ಇಲ್ಲ. ಕವರ್ ಯಾಕೆ?"

ಅಪ್ಪ ಅಮ್ಮಂದಿರೂ ಫೋನ್ ಮಾಡಿ ಕೇಳಿದ್ದಾರೆ, ಸುಮ್ನೆ ಪ್ರಿಂಟಿಂಗ್ ಖರ್ಚು ಅಲ್ವಾ ಅಂತ.

ಇದು ನಮ್ಮ ಕಾಲೇಜಿನವರ ಕಿತಾಪತಿ ಅಲ್ಲ. ಬ್ರಿಟನ್ನಿನಲ್ಲಿ ಎ ಲೆವೆಲ್‌ನಲ್ಲಿ, ಅಂದರೆ ನಮ್ಮ ಪಿಯುಸಿಯಂಥ ಹಂತದಲ್ಲಿ, ಮೀಡಿಯಾ ಸ್ಟಡೀಸ್ ಓದುವ ಮಕ್ಕಳೂ ವರ್ಷಗಟ್ಟಲೆ ಇದನ್ನೇ ಮಾಡಿದ್ದಾರೆ. ವಿಡಿಯೊ, ಡಿಜಿಪ್ಯಾಕ್, ಪತ್ರಿಕೆಗೆ ಒಂದು ಜಾಹೀರಾತು. ಆದರೆ ಅವರು ಮಾಡಿದರು ಅನ್ನೋದು ಉತ್ತರ ಆಗುವುದಿಲ್ಲ.

ಮೊದಲೆಲ್ಲ ನಾನು ಒಂದು ಜಾಣ ಉತ್ತರ ಇಟ್ಟುಕೊಂಡಿದ್ದೆ. ಸ್ಪಾಟಿಫೈಗೆ ಹಾಕಿದರೂ ಕವರ್ ಬೇಕಲ್ಲಪ್ಪ ಅನ್ನುತ್ತಿದ್ದೆ. ಒಬ್ಬ ಹುಡುಗ ತಕ್ಷಣ ಹೇಳಿದ: "ಅದಕ್ಕೆ 3000 ಬೈ 3000 ಪಿಕ್ಸೆಲ್‌ನ ಒಂದು ಚೌಕ ಸಾಕು ಮೇಡಂ. ಹಿಂಬದಿ ಯಾಕೆ, ಬೆನ್ನು ಯಾಕೆ, ಒಳಗಿನ ಪುಟ ಯಾಕೆ?" ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಆವತ್ತಿನಿಂದ ಆ ಉತ್ತರ ಬಿಟ್ಟೆ.

ಈಗ ನಾನು ಹೇಳುವುದು ಬೇರೆ. ಕವರ್ ಮಾಡಿ, ಅದೂ ಶೂಟಿಂಗ್‌ಗೆ ಮೊದಲೇ ಮಾಡಿ. ಶುರು ಮಾಡುವುದು ಹಿಂಬದಿಯಿಂದ, ಅಂದರೆ ಹಾಡು ಯಾರದು ಅಂತ ಹೆಸರು ಬರೆಯುವ ಕಡೆಯಿಂದ.

ಯಾಕೆ ಅಂತ ಒಂದು ತಂಡದ ಕಥೆ ಹೇಳುತ್ತೇನೆ. ನಾಲ್ಕು ಜನ. ಆರಿಸಿಕೊಂಡ ಹಾಡು ಶಿಶುನಾಳ ಶರೀಫರ 'ಕೋಡಗನ ಕೋಳಿ ನುಂಗಿತ್ತ'. ಮುಂದಿನ ವಾರ ಶೂಟಿಂಗ್. ನಾನು ಹಿಂಬದಿ ತುಂಬಿ ತನ್ನಿ ಅಂದೆ. ಗೊಣಗುತ್ತಾ ಕೂತರು. ಸಾಹಿತ್ಯ: ಸಂತ ಶಿಶುನಾಳ ಶರೀಫ. ಅಲ್ಲಿ ತೊಂದರೆ ಇಲ್ಲ. ಶರೀಫರು ತೀರಿಕೊಂಡಿದ್ದು 1889ರಲ್ಲಿ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಅದು ಎಂದೋ ಮುಗಿದಿದೆ. ಗಾಯನ: ತಂಡದ ಹುಡುಗಿ. ಸಂಗೀತ: ಅಂತ ಬರೆದರು, ಪೆನ್ನು ಅಲ್ಲೇ ನಿಂತಿತು.

ಯಾರ ಸಂಗೀತ? ಅವರು ಹಾಡುತ್ತಿದ್ದ ಧಾಟಿ ನಮ್ಮೆಲ್ಲರ ಕಿವಿಯಲ್ಲಿ ಕೂತಿರುವುದೇ. ಸಿ. ಅಶ್ವಥ್ ಅವರದು. ಪದ ಹಳೆಯದು, ರಾಗ ಹಾಕಿದ್ದು ನಮ್ಮ ಕಾಲದಲ್ಲಿ. 'ಜಾನಪದ' ಅಂತ ಹಾಕಿಬಿಡೋಣ್ವಾ ಮೇಡಂ ಅಂತ ಒಬ್ಬ ಕೇಳಿದ. ಶರೀಫರಿಗೂ ಸುಳ್ಳು, ಅಶ್ವಥ್‌ಗೂ ಸುಳ್ಳು. ಎರಡು ದಿನ ಜಗಳ ಆಡಿ, ಕೊನೆಗೆ ತಾವೇ ಹೊಸ ಧಾಟಿ ಕಟ್ಟಿದರು. ಅದ್ಭುತವಾಗಿತ್ತು ಅಂತ ಹೇಳಲಾರೆ. ಆದರೆ ಅವರದೇ ಆಗಿತ್ತು. ಇದಕ್ಕೆ ಹಿಂದಿನ ವರ್ಷ ಇನ್ನೊಂದು ತಂಡ ಬೇಂದ್ರೆಯವರ ಕವಿತೆ ತೆಗೆದುಕೊಂಡು ಶೂಟಿಂಗ್ ಎಲ್ಲ ಮುಗಿಸಿ, ಆಮೇಲೆ ಹಿಂಬದಿ ಬರೆಯಲು ಕೂತಿತ್ತು. ಬೇಂದ್ರೆ ತೀರಿಕೊಂಡಿದ್ದು 1981ರಲ್ಲಿ. ಲೆಕ್ಕ ಹಾಕಿ. ಯಾರ ಅನುಮತಿಯನ್ನೂ ಕೇಳಿರಲಿಲ್ಲ. ಆ ವಿಡಿಯೊ ಯೂಟ್ಯೂಬ್ ಹತ್ತಲಿಲ್ಲ, ಪೆನ್‌ಡ್ರೈವ್‌ನಲ್ಲೇ ಉಳಿಯಿತು.

ಕ್ಯಾಸೆಟ್ ಕಾಲದವರಿಗೆ ಇದೆಲ್ಲ ಹೊಸದಲ್ಲ. ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಮೈಸೂರು ಅನಂತಸ್ವಾಮಿ ಅವರ ಸಂಗೀತದಲ್ಲಿ ಕ್ಯಾಸೆಟ್ ಆಗಿ ಬಂದಿದ್ದು 1978ರಲ್ಲಿ. ಆಮೇಲೆ ಭಾವಗೀತೆ ಕ್ಯಾಸೆಟ್‌ಗಳ ಸಾಲೇ ಬಂತು. ಅಂಗೈಗಿಂತ ಚಿಕ್ಕ ಕಾಗದ. ಅದರಲ್ಲೇ ಕವಿ, ಸಂಗೀತ, ಗಾಯಕರು, ಎ ಬದಿ, ಬಿ ಬದಿ. ಯಾರು ಬರೆದದ್ದು ಅಂತ ನೋಡದೆ ಹಾಡು ಕೇಳಿದ್ದೇ ನನಗೆ ನೆನಪಿಲ್ಲ.

ಇನ್ನು ಮುಂಬದಿ. ಅದೇ ತಂಡ, ಅದೇ ಹಾಡು. ಮೊದಲು ತಂದಿದ್ದು ಪೇಟ ಸುತ್ತಿ ಏಕತಾರಿ ಹಿಡಿದ ಅಜ್ಜನ ಚಿತ್ರ. ಯಾವ ತತ್ವಪದಕ್ಕೆ ಬೇಕಾದರೂ ಅಂಟಿಸಬಹುದು. ನಾನು ಒಂದು ಹಳೆಯ ಸಿಡಿ ಮತ್ತು ಖಾಲಿ ಟ್ರೇ ಕೊಟ್ಟು, ಇದನ್ನು ಕೈಯಲ್ಲಿ ಆಡಿಸುತ್ತಾ ಹಾಡು ಇನ್ನೊಮ್ಮೆ ಓದಿ ಅಂದೆ.

ತಂಡದಲ್ಲಿ ಹಾವೇರಿ ಕಡೆಯ ಹುಡುಗಿ ಒಬ್ಬಳಿದ್ದಳು. ಸಿಡಿಯನ್ನು ಟ್ರೇಗೆ ಒತ್ತುತ್ತಾಳೆ, ತೆಗೆಯುತ್ತಾಳೆ, ಮತ್ತೆ ಒತ್ತುತ್ತಾಳೆ. ಟಕ್, ಟಕ್. ಆಮೇಲೆ ಹೇಳಿದಳು: "ಮೇಡಂ, ಇದು ಒಳ್ಳಿನಂಗ ಐತಲ್ರೀ."

ಬೆಂಗಳೂರಿನ ಹುಡುಗರಿಗೆ ಒಳ್ಳು ಅಂದರೆ ಗೊತ್ತಾಗಲಿಲ್ಲ. ಒರಳು ಕಣ್ರೋ ಅಂದೆ. ಹಾಡಿನಲ್ಲಿ ಆ ಸಾಲೇ ಇದೆಯಲ್ಲ, 'ಒಳ್ಳು ಒನಕೆಯ ನುಂಗಿ' ಅಂತ. ಸಿಡಿ ಅಂದರೆ 120 ಮಿ.ಮೀ. ಅಗಲದ ದುಂಡು, ನಡುವೆ 15 ಮಿ.ಮೀ. ತೂತು. ಮೇಲಿನಿಂದ ನೋಡಿದರೆ ಒರಳೇ. ಟ್ರೇಯ ನಡುವೆ ಎದ್ದು ನಿಂತ ಗುಬುಟು ಒನಕೆ. ಸಿಡಿ ಒತ್ತಿದರೆ ಒಳ್ಳು ಒನಕೆಯನ್ನು ನುಂಗಿತು.

ಊರಿಗೆ ಹೋಗಿ ಅಜ್ಜಿಯ ಮನೆಯ ಒಳ್ಳಿನ ಫೋಟೊ ತೆಗೆದುಕೊಂಡು ಬಂದಳು, ನೆತ್ತಿಯ ಮೇಲಿನಿಂದ. ಅದನ್ನು ಸಿಡಿಯ ಮೇಲೆ ಮುದ್ರಿಸಿದರು. ಟ್ರೇ ಪಾರದರ್ಶಕ. ಅದರ ಕೆಳಗಿನ ರಟ್ಟಿನಲ್ಲಿ ಒನಕೆಯ ತುದಿ, ಕಬ್ಬಿಣದ ಬಳೆ ಸಮೇತ. ಮುಂಬದಿಯಲ್ಲಿ ಬರೀ ಸುಣ್ಣ ಹೊಡೆದ ಗೋಡೆ. ಅದೂ ಹಾಡಿನದೇ. ಅದರಲ್ಲಿ ಗೋಡೆ ಸುಣ್ಣವನ್ನು ನುಂಗುತ್ತದೆ. ಕೋಳಿಯೂ ಇಲ್ಲ, ಕೋಡಗವೂ ಇಲ್ಲ. ಕವರ್ ಬಿಡಿಸಿದವರ ಕೈಯೇ ಉಳಿದ ಕೆಲಸ ಮಾಡುತ್ತದೆ.

ಇದು ವಿಡಿಯೊದಲ್ಲಿ ಆಗುವ ಕೆಲಸವಲ್ಲ, ಸ್ಪಾಟಿಫೈ ಚೌಕದಲ್ಲೂ ಆಗುವುದಿಲ್ಲ. ಸಿಡಿ ಪ್ಲೇಯರ್ ಇಲ್ಲದಿದ್ದರೂ ನಡೆಯುತ್ತದೆ ನೋಡಿ. ಆಮೇಲೆ ಅವರ ವಿಡಿಯೊವೂ ಬದಲಾಯಿತು. ಮೊದಲಿನ ಪಟ್ಟಿಯಲ್ಲಿ ಇಬ್ಬನಿ, ಹೊಲ, ನಿಧಾನಕ್ಕೆ ನಡೆಯುವ ಹುಡುಗಿ ಇತ್ತು. ಅದೆಲ್ಲ ಹೋಗಿ, ಒಂದರೊಳಗೆ ಒಂದು ಮಾಯವಾಗುವ ಸಾಮಾನು ಬಂತು. ಡಬ್ಬಿ, ಚೀಲ, ಬಾಗಿಲು.

ಹಾಗಾದರೆ ವಿಡಿಯೊದಿಂದಲೇ ಒಂದು ಒಳ್ಳೆ ಫ್ರೇಮ್ ಎತ್ತಿ ಕವರ್ ಮಾಡಬಾರದಾ? ಇದು ಎರಡನೇ ಪ್ರಶ್ನೆ. ಮೊದಲನೆಯದಕ್ಕೆ ಅಂಟಿಕೊಂಡೇ ಬರುತ್ತದೆ. ಮಾಡಬಾರದು. ಡಿಜಿಪ್ಯಾಕ್‌ನ ಒಂದು ಮುಖ ಸುಮಾರು 140 ಮಿ.ಮೀ. ಅಗಲ, 125 ಮಿ.ಮೀ. ಎತ್ತರ. ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಬೇಕು. ಫುಲ್ ಎಚ್‌ಡಿ ಫ್ರೇಮ್‌ನ ಎತ್ತರ 1080 ಪಿಕ್ಸೆಲ್. ಭಾಗಿಸಿದರೆ 3.6 ಇಂಚು, ಅಂದರೆ 91 ಮಿ.ಮೀ. ಬಟ್ಟೆ ಸಾಲದು, ಎಳೆದು ಹೊಲಿಯಬೇಕು. ಫೋರ್‌ಕೆಯಲ್ಲಿ ತೆಗೆದರೆ ಅಳತೆ ಸಾಕಾಗುತ್ತದೆ, ನಿಜ. ಆದರೆ ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಸಾಮಾನ್ಯವಾಗಿ ಶಟರ್ 1/50 ಸೆಕೆಂಡ್ ಇಡುತ್ತಾರೆ. ಅಷ್ಟರಲ್ಲಿ ಅಲುಗಿದ್ದೆಲ್ಲ ಮಸುಕಾಗುತ್ತದೆ. ವಿಡಿಯೊ ಓಡುವಾಗ ಆ ಮಸುಕು ಚೆಂದ. ನಿಲ್ಲಿಸಿ ನೋಡಿದರೆ ಬೆರಳುಗಳೆಲ್ಲ ಕರಗಿರುತ್ತವೆ. ಶೂಟಿಂಗ್ ದಿನ ಒಬ್ಬರು ಸ್ಟಿಲ್ ಕ್ಯಾಮೆರಾ ಹಿಡಿದು ಬೇರೆಯೇ ನಿಲ್ಲಲಿ. ಆ ಕೆಲಸ ಯಾರಿಗೂ ಬೇಡ. ಊಟ ತರುವವನ ಕೈಗೆ ಕ್ಯಾಮೆರಾ ಕೊಟ್ಟ ತಂಡಗಳನ್ನು ನೋಡಿದ್ದೇನೆ. ಫೋಟೊಗಳಲ್ಲಿ ಬಿರಿಯಾನಿ ಜಾಸ್ತಿ ಇರುತ್ತದೆ.

ಕನ್ನಡ ಅಕ್ಷರದ ವಿಷಯ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಫೋಟೊಶಾಪ್‌ನಲ್ಲಿ ಕನ್ನಡ ಟೈಪ್ ಮಾಡಿದಾಗ ಒತ್ತು ಪಕ್ಕಕ್ಕೆ ಬಿದ್ದು 'ನುಂಗಿತ್‌ತ' ಅಂತ ಕಂಡರೆ ಫಾಂಟ್‌ಗೆ ಬೈಯಬೇಡಿ. ಫೋಟೊಶಾಪ್ ಹಳೆಯದಾಗಿದ್ದರೆ ಸೆಟ್ಟಿಂಗ್‌ನಲ್ಲಿ ಟೆಕ್ಸ್ಟ್ ಎಂಜಿನ್, ಅಂದರೆ ಅಕ್ಷರ ಜೋಡಿಸುವ ವ್ಯವಸ್ಥೆ, ಬದಲಿಸಬೇಕು. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಸಾಲನ್ನು ಹಾಗೇ ತಂದು ಯೂನಿಕೋಡ್ ಫಾಂಟ್ ಹಾಕಿದರೆ ಕಸ ಬರುತ್ತದೆ. ಇಂಗ್ಲಿಷ್‌ಗೆ ಇಡುವ ಸಾಲಿನ ಅಂತರ ನಮಗೆ ಸಾಲದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತದೆ. ಬೆನ್ನಿನಲ್ಲಂತೂ ಇದು ಕಷ್ಟ. ಇರುವುದೇ ಆರು ಮಿ.ಮೀ. ಮೇಲೆ ಗುಡಿಸು, ಕೆಳಗೆ ಒತ್ತು ಹಿಡಿಯಬೇಕೆಂದರೆ ಅಕ್ಷರದ ಹೊಟ್ಟೆ ಎರಡು ಮಿ.ಮೀ.ಗೆ ಇಳಿಯುತ್ತದೆ. ಆಗ ಬಾಲ, ಬಳ್ಳಿ ಇರುವ ಸಿಂಗಾರದ ಫಾಂಟ್ ಬೇಡ. 'ಬಾಲೂ ತಮ್ಮ' ಅನ್ನುವ ಫಾಂಟ್ ಇದೆ, ಅದರಂಥ ದುಂಡಗಿನ, ದಪ್ಪ ಅಕ್ಷರ ಓದಲು ಬರುತ್ತದೆ.

ಪ್ರಿಂಟಿಂಗ್‌ಗೆ ಬೆಂಗಳೂರಿನ ಸುಲ್ತಾನ್‌ಪೇಟೆ ಕಡೆ ಹೋಗುತ್ತೇವೆ. ಮದುವೆ ಕಾರ್ಡಿನ ಬೀದಿ ಅದು. ರಟ್ಟು ಮಡಿಸುವ ಕೈಗಳು ಅಲ್ಲಿವೆ. 12 ಬೈ 18 ಇಂಚಿನ ಹಾಳೆಯಲ್ಲಿ ಎರಡು ಮಡಿಕೆಯ ಡಿಜಿಪ್ಯಾಕ್ ಎರಡು ಕೂರುತ್ತವೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಆರ್ಟ್ ಕಾರ್ಡ್, ಮ್ಯಾಟ್ ಲ್ಯಾಮಿನೇಷನ್, ಮಡಿಸುವ ಕಡೆ ಗೆರೆ ಒತ್ತುವ ಕ್ರೀಸಿಂಗ್. ನಾಲ್ಕೂ ಕಡೆ ಮೂರು ಮಿ.ಮೀ. ಬ್ಲೀಡ್ ಬಿಡಿ, ಅಂದರೆ ಕತ್ತರಿಸುವ ಗೆರೆಯ ಆಚೆಗೂ ಬಣ್ಣ ಚಾಚಿರಲಿ. ಇಲ್ಲದಿದ್ದರೆ ಕಟಿಂಗ್ ಮಷೀನ್ ಕೂದಲೆಳೆ ಸರಿದರೂ ಅಂಚಿನಲ್ಲಿ ಬಿಳಿ ಕಾಣುತ್ತದೆ. ಒಮ್ಮೆ ಪೂರ್ತಿ ಕಪ್ಪು ಕವರ್ ಮಾಡಿಸಿದ್ದೆವು. ದುಡ್ಡು ಉಳಿಸಲು ಲ್ಯಾಮಿನೇಷನ್ ಬಿಟ್ಟೆವು, ಕಾಗದದ ಗ್ರೇನ್, ಅಂದರೆ ಅದರ ನಾರು ಓಡುವ ದಿಕ್ಕು, ಯಾವ ಕಡೆ ಅಂತ ಕೇಳಲೇ ಇಲ್ಲ. ಮಡಿಸಿದಲ್ಲೆಲ್ಲ ಬಣ್ಣ ಬಿರಿದು ಬಿಳಿ ಗೆರೆ. ಮಕ್ಕಳು ಅಂಗಡಿಯವರ ಮೇಲೆ ರೇಗಿದರು. ತಪ್ಪು ನಮ್ಮದೇ. ಆವತ್ತು ಮಾರ್ಕರ್ ಪೆನ್ನಿನಲ್ಲಿ ಹನ್ನೆರಡು ಬೆನ್ನು ತೀಡಿದ್ದೇನೆ. ಅದಕ್ಕೇ ಈಗ ಮೊದಲು ಬಿಳಿ ರಟ್ಟಿನಲ್ಲಿ ಡಮ್ಮಿ, ಕೈಯಲ್ಲೇ ಮಡಿಸಿದ್ದು, ಪೆನ್ಸಿಲ್‌ನಲ್ಲಿ ಬರೆದದ್ದು. ಅದು ನನ್ನ ಮೇಜಿಗೆ ಬರದೆ ಫೈಲ್ ಪ್ರೆಸ್‌ಗೆ ಹೋಗುವಂತಿಲ್ಲ.

ಬಾರ್‌ಕೋಡ್ ಹಾಕಲೇಬೇಕಾ ಅಂತಲೂ ಕೇಳುತ್ತಾರೆ. ಬೇಡ. ಒಬ್ಬ ಹುಡುಗ ನಿಜ ಕಾಣಲಿ ಅಂತ ಬಿಸ್ಕತ್ ಪ್ಯಾಕೆಟ್‌ನದು ಕತ್ತರಿಸಿ ಹಾಕಿದ್ದ. 890ರಿಂದ ಶುರುವಾಗುವ ಅಸಲಿ ಭಾರತದ ಬಾರ್‌ಕೋಡ್. ಪರೀಕ್ಷೆಗೆ ಬಂದವರು ಫೋನಿನಲ್ಲಿ ಸ್ಕ್ಯಾನ್ ಮಾಡಿ ನೋಡಿದರು. ಆ ಜಾಗ ಖಾಲಿ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಖಾಲಿ ಟ್ರೇ ಈಗ ಅಂಗಡಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಮನೆಯ ಅಟ್ಟದಲ್ಲಿ ಹಳೆಯ ಸಿಡಿ ಇದ್ದರೆ ಅದರಿಂದ ಬಿಡಿಸಿಕೊಳ್ಳಿ. ನನ್ನ ಕಪಾಟಿನಲ್ಲಿ ಇನ್ನೂ ಹನ್ನೊಂದು ಇವೆ. ಬೇಕಾದವರು ಬಂದು ತೆಗೆದುಕೊಂಡು ಹೋಗಬಹುದು. ಬರುವಾಗ ಹಿಂಬದಿ ತುಂಬಿಕೊಂಡು ಬನ್ನಿ, 'ಸಂಗೀತ' ಅನ್ನುವ ಸಾಲು ಸಮೇತ.