ಹಲಸಿನ ಬಾಗಿಲಿನಿಂದ ಕಂಪ್ಯೂಟರ್ ಪೆಟ್ಟಿಗೆ: ಮೂರನೇ ಕಂತು

ಫೆಬ್ರವರಿ, ಮೊದಲ ವಾರ

ಟೇಬಲ್ ಒರೆಸುವಾಗ ಕಣ್ಣಿಗೆ ಬಿತ್ತು: ಕಂಪ್ಯೂಟರ್ ಪೆಟ್ಟಿಗೆಯ ತಳದ ಹಲಗೆಯಲ್ಲಿ ಒಂದು ಗೇಣುದ್ದದ ಸೀಳು. ಎಲ್ಲೂ ಬಿದ್ದಿಲ್ಲ, ಏನೂ ತಾಗಿಲ್ಲ. ಆಗಸ್ಟ್‌ನಲ್ಲಿ ಸಾಗರ ಪಟ್ಟಣದ ಹತ್ತಿರ ನಮ್ಮ ಮನೆಯ ಜಗಲಿಯಲ್ಲಿ ಕೂತು ಮಾಡಿದ ಪೆಟ್ಟಿಗೆ ಇದು. ಆಗ ಕೂಡುಗಳಲ್ಲಿ ಕೂದಲೂ ತೂರುತ್ತಿರಲಿಲ್ಲ. ಈಗ ಸ್ಟೀಲ್ ಸ್ಕೇಲ್ ಇಟ್ಟರೆ 240 ಮಿ.ಮೀ. ಇದ್ದ ಅಗಲ 238 ಆಗಿದೆ.

ಮಲೆನಾಡಿನ ಮಳೆಗಾಲದಲ್ಲಿ ತೇವ ಹೀರಿದ್ದ ಮರ ಬೆಂಗಳೂರಿನ ಒಣಹವೆಗೆ ಕುಗ್ಗಿತ್ತು. ಎಳೆಯ ಉದ್ದಕ್ಕೆ ಮರ ಅಲುಗುವುದೇ ಇಲ್ಲ ಅನ್ನಬಹುದು, ಅಡ್ಡಕ್ಕೆ ಮಾತ್ರ ಉಬ್ಬಿ ಕುಗ್ಗುತ್ತಲೇ ಇರುತ್ತದೆ. ನಾನೋ ಅದರ ಮೇಲೆ ಮದರ್‌ಬೋರ್ಡ್ ಕೂರುವ 3 ಮಿ.ಮೀ. ಅಲ್ಯೂಮಿನಿಯಂ ತಟ್ಟೆಯನ್ನು ನಾಲ್ಕೂ ಮೂಲೆಗೆ ಸ್ಕ್ರೂ ಹಾಕಿ ಬಿಗಿದಿದ್ದೆ. ತಟ್ಟೆ ಜಪ್ಪಯ್ಯ ಅನ್ನಲಿಲ್ಲ, ಮರ ಸೀಳಿತು.

ನಾಚಿಕೆಯ ಸಂಗತಿ ಬೇರೆಯೇ ಇದೆ. ಈ ಹಲಗೆ ಬಂದದ್ದು ಅಜ್ಜನ ಕಾಲದ ಕೋಣೆಯ ಬಾಗಿಲಿನಿಂದ. ಅದನ್ನು ಬಿಚ್ಚುವಾಗ ಹಲಗೆ ಚೌಕಟ್ಟಿನ ಗಾಡಿಯೊಳಗೆ (ಉದ್ದನೆಯ ಕಚ್ಚಿನೊಳಗೆ) ಲಟಲಟ ಅನ್ನುತ್ತಿತ್ತು, ಮೊಳೆಯಿಲ್ಲ, ಅಂಟಿಲ್ಲ. ಹಳತಾಗಿ ಸಡಿಲಾಗಿದೆ ಅಂದುಕೊಂಡಿದ್ದೆ. ಬಡಗಿ ಬೇಕೆಂದೇ ಹಾಗೆ ಬಿಟ್ಟಿದ್ದ, ಮಳೆಗಾಲದಲ್ಲಿ ಉಬ್ಬಲು ಜಾಗ ಇರಲಿ ಅಂತ.

ಫೆಬ್ರವರಿ, ಕೊನೆ

ತಳ ಹೊಸದು. ತಟ್ಟೆಯ ಒಂದು ಬದಿಯ ಎರಡು ತೂತು ಮಾತ್ರ ಬಿಗಿ. ಎದುರು ಬದಿಯವನ್ನು ಅರದಿಂದ ಉಜ್ಜಿ, ಎಳೆಗೆ ಅಡ್ಡವಾಗಿ 8 ಮಿ.ಮೀ. ಉದ್ದದ ಗಾಡಿ ಮಾಡಿದೆ. ಅಲ್ಲಿ ಸ್ಕ್ರೂ ಅಡಿಗೆ ವಾಷರ್, ಅರ್ಧ ಸುತ್ತು ಸಡಿಲ. ಮರ ಇನ್ನು ಜಾರಿಕೊಳ್ಳಬಹುದು.

ತಟ್ಟೆಯ ಕೆಲಸ ಹಿಡಿದಾಗ ಅಳತೆಗಳ ಕಿಚಡಿ ಮತ್ತೆ ಎದುರಾಯಿತು. ಮಿನಿ-ಐಟಿಎಕ್ಸ್ ಅನ್ನುವ ಪುಟ್ಟ ಮದರ್‌ಬೋರ್ಡ್ 170 ಮಿ.ಮೀ. ಚೌಕ, ಸರಿ. ಹಿಂದಿನ ಪೋರ್ಟ್‌ಗಳ ಕಿಂಡಿ 158.75 × 44.45. ಈ ದಶಮಾಂಶ ನೋಡಿ ಮೊದಲ ಸಲ ತಲೆ ಕೆರೆದುಕೊಂಡಿದ್ದೆ. ಬಡಗಿಯ ಟೇಪು ಹಿಡಿದರೆ ಸಲೀಸು: ಆರೂಕಾಲು ಇಂಚು, ಒಂದೂಮುಕ್ಕಾಲು ಇಂಚು. 1995ರಲ್ಲಿ ಇಂಟೆಲ್ ಹಾಕಿಕೊಟ್ಟ ಎಟಿಎಕ್ಸ್ ಎಂಬ ಬೋರ್ಡ್-ಪೆಟ್ಟಿಗೆ ಅಳತೆಗಳ ಲೆಕ್ಕ ಇಂದಿಗೂ ಅಲ್ಲೇ ಕೂತಿದೆ. ಎಸ್‌ಎಫ್‌ಎಕ್ಸ್ ಅನ್ನುವ ಪುಟ್ಟ ಪವರ್ ಸಪ್ಲೈಯಂತೂ ಎಡಬಿಡಂಗಿ. 125 × 100 ಮಿ.ಮೀ., ದಪ್ಪ ಮಾತ್ರ 63.5, ಅಂದರೆ ಎರಡೂವರೆ ಇಂಚು!

ಸ್ಕ್ರೂಗಳದ್ದೂ ಇದೇ ಕಥೆ. ಬೋರ್ಡ್ ನಿಲ್ಲುವ ಹಿತ್ತಾಳೆ ಕಂಬಗಳ ಮರೆ (ಸ್ಕ್ರೂ ತಿರುಗುವ ಸುರುಳಿ ಗೆರೆ) 6-32 ಅನ್ನುವ ಅಳತೆ, ಇಂಚಿನ ಲೆಕ್ಕದ್ದು. ಡೇಟಾ ಇಡುವ ಎಸ್‌ಎಸ್‌ಡಿಗೆ ಎಂ3, ಅಂದರೆ 3 ಮಿ.ಮೀ. ಸ್ಕ್ರೂ. ಕಳೆದ ಸಲ ಎರಡೂ ಒಂದೇ ಅಂದುಕೊಂಡು ಎಂ3 ಟ್ಯಾಪ್ (ತೂತಿನಲ್ಲಿ ಮರೆ ಕೊರೆಯುವ ಉಪಕರಣ) ಓಡಿಸಿ ತಟ್ಟೆ ಹಾಳುಮಾಡಿದ್ದೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಮೂರು ಅಂಗಡಿ ಅಲೆದರೂ 6-32 ಟ್ಯಾಪ್ ಸಿಗಲಿಲ್ಲ, ಎಲ್ಲರದ್ದೂ ಮಿಲಿಮೀಟರ್ ಸೆಟ್ಟೇ. ಕೊನೆಗೆ ಗುಜರಿ ಕ್ಯಾಬಿನೆಟ್ ಒಂದರ ಕಂಬಗಳನ್ನೇ ಕಿತ್ತು, ತಟ್ಟೆಗೆ ಆರಪಾರ ತೂತು ಕೊರೆದು ಅಡಿಯಿಂದ ನಟ್ ಹಾಕಿದೆ. ನಟ್‌ಗಳಿಗೆಂದು ಹಲಗೆಯಲ್ಲಿ ಉಳಿಯಿಂದ ನಾಲ್ಕು ಗುಳಿ ತೋಡಿದ್ದಕ್ಕೆ ಒಂದು ಭಾನುವಾರ ಹೋಯಿತು.

ಅಂದ ಹಾಗೆ, ಮರದ ಪೆಟ್ಟಿಗೆ ಮಾಡುವವರು ಅರ್ತಿಂಗ್ ಮರೆಯಬೇಡಿ. ತಗಡಿನ ಕ್ಯಾಬಿನೆಟ್‌ನಲ್ಲಿ ಮೈಯೇ ಅರ್ತ್ ಆಗಿರುತ್ತದೆ, ಇಲ್ಲಿ ಹಾಗಿಲ್ಲ. ಪವರ್ ಸಪ್ಲೈನ ಕವಚದಿಂದ ತಟ್ಟೆಗೆ ಹಸಿರು ವೈರ್ ಎಳೆದು, ಪ್ಲಗ್‌ನ ಅರ್ತ್ ಪಿನ್‌ವರೆಗೂ ಮಲ್ಟಿಮೀಟರ್ ಬೀಪ್ ಅನ್ನುತ್ತದೆಯೇ ನೋಡಿಕೊಂಡೆ.

ಮಾರ್ಚ್, ಎರಡನೇ ವಾರ

ಹೊಸದಾಗಿ ಹತ್ತರಿ ಹೊಡೆದ ಕಡೆ ಮರ ಅರಿಸಿನ ಹಳದಿ, ಹಳೆಯ ಮೈ ಬೆಲ್ಲದ ಬಣ್ಣ. ಬಣ್ಣ ಹಚ್ಚಿ ಹೊಂದಿಸುವುದಿಲ್ಲ. ಬೆಳಕು ತಾಗಿ ತಾನಾಗಿಯೇ ಕಂದುತ್ತದೆ.

37 ಮಿ.ಮೀ. ಎತ್ತರದ ಪ್ರೊಸೆಸರ್ ಕೂಲರ್‌ಗೂ ಮುಚ್ಚಳಕ್ಕೂ ನಡುವೆ 5 ಮಿ.ಮೀ. ಉಳಿದಿದೆ. ಫ್ಯಾನ್‌ನ ನೇರಕ್ಕೆ ಗಾಳಿಕಿಂಡಿ ಇನ್ನೂ ಕೊರೆಯಬೇಕು. ಅಲ್ಲಿಯವರೆಗೆ ಮುಚ್ಚಳ ತೆಗೆದಿಟ್ಟೇ ಓಡಿಸುತ್ತಿದ್ದೇನೆ. ತಟ್ಟೆಯ ಸಡಿಲ ಬದಿಯಲ್ಲಿ ಸ್ಕ್ರೂ ಈಗ ನಿಂತಿರುವ ಜಾಗಕ್ಕೆ ಪೆನ್ಸಿಲ್ ಗೀಟು ಹಾಕಿ, ಪಕ್ಕದಲ್ಲಿ ತಾರೀಖು ಬರೆದಿದ್ದೇನೆ. ಜುಲೈನಲ್ಲಿ ಊರಿಗೆ ಹೊತ್ತುಕೊಂಡು ಹೋಗಿ ಎರಡು ವಾರ ಅದೇ ಜಗಲಿಯಲ್ಲಿ ಇಡುತ್ತೇನೆ. ಮುಂದಿನ ಕಂತು ಆ ಗೀಟು ನೋಡಿದ ಮೇಲೆ.